ಜಪಾನಿ ಭಾಷೆಗೆ ‘ರೀ’ ಹಚ್ಚುವುದು: ಕರಾಟೆ ಕಲಿಸುವವರಿಗೆ ಒಂದಿಷ್ಟು ಮಾತು

ಮೊದಲ ಶನಿವಾರ 14 ಮಕ್ಕಳ ಮುಂದೆ ನಿಂತು ಗಟ್ಟಿ ದನಿಯಲ್ಲಿ ‘ಸವತ್ತೆ ಕುದಸೈ’ ಅಂದೆ. ಎಲ್ಲರೂ ಕೂಡ್ರಿ ಅಂತ ಹೇಳಬೇಕಿತ್ತು ನನಗೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸಾಲಿನ ಹುಡುಗನೊಬ್ಬ ಬಗ್ಗಿ ನೆಲ ಮುಟ್ಟಿದ. ಪಕ್ಕದವಳು ಅವನ ತಲೆ ಮುಟ್ಟಿದಳು. ಇನ್ನೊಬ್ಬ ಓಡಿ ಬಂದು ನನ್ನ ಬೆಲ್ಟು ಮುಟ್ಟಿ ಓಡಿಹೋದ. ಕೂಡ್ರಿ ಅನ್ನುವುದಕ್ಕೆ ‘ಸುವತ್ತೆ ಕುದಸೈ’ ಅನ್ನಬೇಕು. ‘ಸವತ್ತೆ’ ಅಂದರೆ ಮುಟ್ಟಿ. ಸಕಾರಕ್ಕೆ ಕೊಂಬು ಕೊಡುವುದನ್ನು ಮರೆತಿದ್ದೆ, ಅಷ್ಟೇ.

ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ‘ಸವತಿಕಾಯಿ ಮುಟ್ಟು, ಸುಮ್ಮನೆ ಕೂಡು.’ ಆಮೇಲೆ ಒಮ್ಮೆಯೂ ತಪ್ಪಿಲ್ಲ.

ನಾನು ಧಾರವಾಡದವಳು. ಕರಾಟೆ ಶುರು ಮಾಡಿದ್ದು ಹೈಸ್ಕೂಲಿನಲ್ಲಿ. ಕೆಲಸದ ಮೇಲೆ ಜಪಾನಿನ ಕವಾಸಾಕಿ ಊರಿಗೆ ಬಂದು, ಮನೆ ಹತ್ತಿರದ ಕ್ರೀಡಾಕೇಂದ್ರದಲ್ಲಿ ನಡೆಯುವ ಕ್ಲಾಸಿಗೆ ಸೇರಿದೆ. ಎರಡನೇ ವರ್ಷ ಮುಖ್ಯ ಸೆನ್ಸೇ, ಅಂದರೆ ಗುರು, ಶನಿವಾರದ ಮಕ್ಕಳ ಕ್ಲಾಸನ್ನೂ ಅದರ ಹಿಂದೆಯೇ ಬರುವ ಹೊಸಬರ ಕ್ಲಾಸನ್ನೂ ನನ್ನ ಕೈಗೆ ಕೊಟ್ಟರು. ನನ್ನ ಹತ್ತಿರ ಆಗ ಇದ್ದ ಜಪಾನಿ ಅಂದರೆ ಊರಿನಲ್ಲಿ ಕಲಿತದ್ದೇ: ಹಜಿಮೆ (ಶುರು), ಯಮೆ (ನಿಲ್ಲಿಸಿ), ರೇ (ಬಾಗಿ), ಇಚಿ ನಿ ಸನ್ (ಒಂದು ಎರಡು ಮೂರು). ಅಷ್ಟರಲ್ಲಿ ಕ್ಲಾಸು ಶುರು ಮಾಡಬಹುದು, ಮುಗಿಸಲೂಬಹುದು. ನಡುವಿನ ಐವತ್ತು ನಿಮಿಷ ಮಾತಾಡಬೇಕಲ್ಲ! ಜಪಾನಿನಲ್ಲಿ ಕಲಿಸುವ ಅವಕಾಶ ಸಿಕ್ಕವರಿಗೆ, ಅಥವಾ ಬಿಡದಿಯ ಟೊಯೋಟಾ ಕಾರ್ಖಾನೆಯ ನೆಪದಲ್ಲಿ ಬೆಂಗಳೂರಿಗೆ ಬಂದ ಜಪಾನಿ ಕುಟುಂಬದ ಮಗು ನಿಮ್ಮ ಕ್ಲಾಸಿಗೆ ಬಂದು ನಿಂತರೆ, ಕೆಳಗಿನದು ಉಪಯೋಗಕ್ಕೆ ಬಂದೀತು.

ಮೊದಲು ಉಚ್ಚಾರ. ಜಪಾನಿ ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಬೇಡಿ, ಕನ್ನಡದಲ್ಲೇ ಬರೆದುಕೊಳ್ಳಿ. ಎ–ಏ, ಒ–ಓ ಬೇರೆ ಬೇರೆ ಇರುವ ಲಿಪಿ ನಮ್ಮದು. ಹಿಂದಿಯ ಗೆಳತಿ ಒದ್ದಾಡುವ ಕಡೆ ನಾನು ಸಲೀಸಾಗಿ ದಾಟುತ್ತೇನೆ. ಹ್ರಸ್ವ–ದೀರ್ಘ ತಪ್ಪಿದರೆ ಅಲ್ಲಿ ಅರ್ಥವೇ ತಪ್ಪುತ್ತದೆ. ‘ಒಬಸನ್’ ಅಂದರೆ ಅತ್ತೆ, ಚಿಕ್ಕಮ್ಮ. ‘ಒಬಾಸನ್’ ಅಂದರೆ ಅಜ್ಜಿ. ಒತ್ತಕ್ಷರವೂ ಹಾಗೇ: ‘ಕಿತೆ ಕುದಸೈ’ ಅಂದರೆ ಬನ್ನಿ, ‘ಕಿತ್ತೆ ಕುದಸೈ’ ಅಂದರೆ ಕತ್ತರಿಸಿ. ‘ದೆಸು’, ‘ಮಸು’ಗಳ ಕೊನೆಯ ಉಕಾರ ಬಾಯಲ್ಲೇ ಕರಗುತ್ತದೆ, ‘ದೆಸ್’, ‘ಮಸ್’ ಅಂದರೆ ಸರಿ. ಅಂದಹಾಗೆ ನಾವು ಎಳೆದು ಹೇಳುವ ‘ಕರಾಟೆ’ ಅವರ ಬಾಯಲ್ಲಿ ಮೂರೂ ಹ್ರಸ್ವ: ಕ–ರ–ತೆ.

ನಮ್ಮ ಕಿವಿಗೆ ಮೋಸ ಮಾಡುವ ಎರಡು ಶಬ್ದ ಈಗಲೇ ಹೇಳಿಬಿಡುತ್ತೇನೆ. ಒಂದು ‘ಮತ್ತೆ’. ಜಪಾನಿಯಲ್ಲಿ ‘ಮತ್ತೆ’ ಅಂದರೆ ತಡಿ, ನಿಲ್ಲು. ಜೂಡೊ ಪಂದ್ಯದಲ್ಲಿ ರೆಫ್ರಿ ಅದರದೇ ಅಪ್ಪಣೆಯ ರೂಪ ‘ಮತೆ!’ ಅಂದರೆ ಹಿಡಿತ ಬಿಟ್ಟು ಸುಮ್ಮನೆ ನಿಲ್ಲಬೇಕು. ನಾನು ಒಮ್ಮೆ ಪಕ್ಕದ ಜೂಡೊ ಕ್ಲಾಸಿಗೆ ಚಟಕ್ಕೆ ಹೋಗಿ, ಆ ಕೂಗು ಕೇಳಿ, ಎದುರಿನವಳನ್ನು ಮತ್ತೊಮ್ಮೆ ಕೆಡವಿದೆ. ಇನ್ನೊಂದು ‘ಮುರಿ’. ಆಗದ್ದನ್ನು ಹಟ ಹಿಡಿದು ಮಾಡುವುದಕ್ಕೆ ಅವರು ಮುರಿ ಅನ್ನುತ್ತಾರೆ. ‘ಮುರಿ ಶಿನೈದೆ ಕುದಸೈ’ ಅಂದರೆ ಕೈಲಾಗದ್ದಕ್ಕೆ ಹೋಗಬೇಡಿ. ಕನ್ನಡದವರಿಗೆ ಇದನ್ನು ನೆನಪಿಡಿಸಬೇಕೇ? ಮುರಿದುಕೊಳ್ಳಬೇಡಿ ಅಂದುಕೊಂಡರೆ ಮುಗಿಯಿತು.

ಇನ್ನು ಅಪ್ಪಣೆಯ ಮಾತು. ಹೊಸದಾಗಿ ಕಲಿಸಲು ನಿಂತವರಿಗೆ ಬರುವ ಮೊದಲ ಅಳುಕು ಅಂದರೆ, ‘ಹಜಿಮೆ’, ‘ಯಮೆ’ ಅಂತ ಬೋಳು ಬೋಳಾಗಿ ಕೂಗಿದರೆ ಒರಟಾಗುವುದಿಲ್ಲವೇ ಅಂತ. ಆಗುವುದಿಲ್ಲ. ‘ಹಜಿಮೆ’ ಅಂದರೆ ‘ಶುರು’ ಅಂದಂತೆ, ‘ಶುರು ಮಾಡೋ’ ಅಂದಂತೆ ಅಲ್ಲ. ‘ಮವತ್ತೆ’ ಅಂದರೆ ತಿರುಗಿ, ‘ನಓರೆ’ ಅಂದರೆ ಮೊದಲಿನ ನಿಲುವಿಗೆ ಬನ್ನಿ. ಇವು ಡೋಜೋದ, ಅಂದರೆ ಕರಾಟೆ ಕಲಿಯುವ ಜಾಗದ, ವಿಧಿಯ ಮಾತು, ಎಪ್ಪತ್ತರ ಹಿರಿಯರಿಗೂ ಏಳರ ಮಗುವಿಗೂ ಒಂದೇ. ಇವಕ್ಕೆ ಮರ್ಯಾದೆಯ ಬಾಲ ಅಂಟಿಸಲು ಹೋದರೇ ಎಡವಟ್ಟು. ನಾನು ಸಂಭಾವಿತೆಯಾಗಲು ಹೋಗಿ ‘ಯಮೆ’ ಬದಲು ‘ಯಮೆತೆ ಕುದಸೈ’ ಅಂದಿದ್ದೇನೆ. ಅದು ಯಾರೋ ಕಾಟ ಕೊಡುವಾಗ ‘ದಯವಿಟ್ಟು ಬಿಟ್ಟುಬಿಡಿ’ ಅಂತ ಅಂಗಲಾಚುವ ಮಾತು. ದೊಡ್ಡ ಹುಡುಗರು ತುಟಿ ಕಚ್ಚಿಕೊಂಡು ನಗು ತಡೆದರು.

ಅಪಾಯದ ಮಾತಿಗೂ ಬಾಲ ಬೇಡ. ಮಗುವೊಂದು ಪ್ಯಾಡು ಒದೆಯುವವನ ಹಿಂದೆ ಹೋಗಿ ನಿಂತಿದ್ದರೆ ‘ಅಬುನೈ!’ ಅಂತ ಕಿರುಚಿ. ಅಲ್ಲಿ ವ್ಯಾಕರಣ ಹುಡುಕುತ್ತ ಕೂತರೆ ಹಲ್ಲು ಉದುರುತ್ತದೆ, ಆ ಮಗುವಿನದ್ದು.

ವಿಧಿಯ ಮಾತಿನಲ್ಲಿ ನನಗೆ ತುಂಬ ಹಿಡಿಸಿದ್ದು ಕ್ಲಾಸಿನ ಮೊದಲ ನಿಮಿಷ. ಎಲ್ಲರೂ ಸಾಲಾಗಿ ಸೇಜದಲ್ಲಿ, ಅಂದರೆ ಮೊಣಕಾಲೂರಿ, ಕೂರುತ್ತಾರೆ. ಹಿರಿಯ ವಿದ್ಯಾರ್ಥಿಯೊಬ್ಬ ‘ಮೊಕುಸೋ’ ಅನ್ನುತ್ತಾನೆ, ಕಣ್ಣು ಮುಚ್ಚುತ್ತೇವೆ. ಆಮೇಲೆ ‘ಶೋಮೆನ್ ನಿ, ರೇ’, ‘ಸೆನ್ಸೇ ನಿ, ರೇ’: ಎದುರಿಗೆ ಬಾಗಿ, ಸೆನ್ಸೇಗೆ ಬಾಗಿ. ಮಕ್ಕಳು ಬಾಗಿ ‘ಒನೆಗೈ ಶಿಮಸ್’ ಅನ್ನುತ್ತಾರೆ. ದಯವಿಟ್ಟು, ಕೇಳಿಕೊಳ್ಳುತ್ತೇನೆ ಅಂತ ಅರ್ಥ. ನಾನು ಮೊದಲೆರಡು ವಾರ ಗುರುವಿನ ಗತ್ತಿನಲ್ಲಿ ತಲೆ ಅಲ್ಲಾಡಿಸಿ ಸುಮ್ಮನಾದೆ. ಮುಖ್ಯ ಸೆನ್ಸೇ ನನ್ನನ್ನು ಕರೆದು ಏನೂ ಹೇಳಲಿಲ್ಲ, ಮುಂದಿನ ವಾರ ನನ್ನ ಪಕ್ಕ ಕೂತು ಮಕ್ಕಳಿಗಿಂತ ಆಳವಾಗಿ ಬಾಗಿ ತಾವೇ ‘ಒನೆಗೈ ಶಿಮಸ್’ ಅಂದರು. ಕಲಿಸುವವರೂ ಕೇಳಿಕೊಳ್ಳಬೇಕು ಅಂತ ಆಗ ತಿಳಿಯಿತು. ಒಕಿನಾವಾದಿಂದ 1922ರಲ್ಲಿ ಟೋಕಿಯೊಗೆ ಬಂದ ಕರಾಟೆ ಗುರು ಫುನಾಕೊಶಿ ಗಿಚಿನ್ ಕೊಟ್ಟ 20 ಸೂತ್ರಗಳಲ್ಲಿ ಮೊದಲನೆಯದೇ ಕರಾಟೆ ರೇಯಿಂದ ಶುರುವಾಗಿ ರೇಯಿಂದ ಮುಗಿಯುತ್ತದೆ ಅನ್ನುವುದು. ರೇ ಅಂದರೆ ಬಾಗುವುದೂ ಹೌದು, ಮರ್ಯಾದೆಯೂ ಹೌದು. ಕ್ಲಾಸು ಮುಗಿದಾಗ ‘ಅರಿಗತೋ ಗೊಜೈಮಶಿತ’. ‘ಮಸ್’ ಅಲ್ಲ, ‘ಮಶಿತ’. ಪಾಠ ಆಗಿಹೋಗಿದೆ, ಆದ್ದರಿಂದ ಕೃತಜ್ಞತೆಯೂ ಭೂತಕಾಲದಲ್ಲಿ. ಇದನ್ನೂ ನೀವು ತಿರುಗಿ ಹೇಳಬೇಕು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಜಪಾನಿ ವ್ಯಾಕರಣದ ಪುಸ್ತಕಗಳು ಇಂಗ್ಲಿಷಿನಲ್ಲಿ ಎರಡು ಪುಟ ವಿವರಿಸುವುದನ್ನು ಕನ್ನಡದಲ್ಲಿ ಎರಡು ಶಬ್ದದಲ್ಲಿ ಹೇಳಬಹುದು: ಮಾಡಿ ನೋಡಿ. ‘ಯತ್ತೆ ಮಿತೆ ಕುದಸೈ’ಯಲ್ಲಿ ‘ಯತ್ತೆ’ ಅಂದರೆ ಮಾಡಿ, ‘ಮಿತೆ’ ಅಂದರೆ ನೋಡಿ. ತಿಂದು ನೋಡು, ಹಾಕಿಕೊಂಡು ನೋಡು, ಕೇಳಿ ನೋಡು ಅನ್ನುವಾಗ ನಾವು ಕಣ್ಣಿನ ಮಾತು ಆಡುತ್ತಿಲ್ಲವಲ್ಲ, ಅವರದ್ದೂ ಅದೇ ನೋಟ. ‘ಕುದಸೈ’ ಬಂದದ್ದು ದೊಡ್ಡವರು ಕೊಡುವುದಕ್ಕಿರುವ ಕ್ರಿಯಾಪದದಿಂದ. ಅಂದರೆ ನಮ್ಮ ‘ಕೊಡಿ’. ‘ಒಶಿಯೆತೆ ಕುದಸೈ’ ಅಂದರೆ ಹೇಳಿಕೊಡಿ, ‘ಮಿಸೆತೆ ಕುದಸೈ’ ಅಂದರೆ ತೋರಿಸಿಕೊಡಿ. ನಮ್ಮ ‘ಬಿಡು’ ಕೂಡ ಇದೆ: ನೀವೇ ಕತದ, ಅಂದರೆ ಗೊತ್ತಾದ ಕ್ರಮದಲ್ಲಿ ಮಾಡುವ ವರಸೆಗಳ, ನಡುವೆ ಹೆಜ್ಜೆ ತಪ್ಪಿದಾಗ ‘ಮಚಿಗಯೆತೆ ಶಿಮೈಮಶಿತ’ ಅನ್ನಿ, ತಪ್ಪಿಬಿಟ್ಟೆ ಅಂತ. ಆ ‘ಬಿಟ್ಟೆ’ಯೊಳಗಿನ ಛೇ ಅನ್ನುವ ಭಾವ ಅವರ ‘ಶಿಮೈಮಶಿತ’ದಲ್ಲೂ ಇದೆ. ಮಕ್ಕಳ ಮುಂದೆ ಹಾಗೆ ಒಪ್ಪಿಕೊಂಡರೆ ಅವರಿಗೆ ಖುಷಿಯೋ ಖುಷಿ.

ಧಾರವಾಡದಲ್ಲಿ ‘ಬಾ’ ‘ಬರ್ರಿ’ ಆಗುವ ಹಾಗೆ ಇಲ್ಲಿ ಕ್ರಿಯಾಪದಕ್ಕೆ ‘ಮಸ್’ ಹತ್ತಿದರೆ ಮಾತು ಮರ್ಯಾದೆಯದಾಗುತ್ತದೆ. ಆದರೆ ಬರೀ ‘ರೀ’ ಹಚ್ಚಿದರೆ ಎಲ್ಲರಿಗೂ ಒಂದೇ ಅಳತೆ ಆದೀತೇ? ಮಕ್ಕಳಿಗೆ ‘ಕುದಸೈ’ಗಿಂತ ‘ಮಶೋ’ ಚೆನ್ನ. ಮಾಡೋಣ ಅನ್ನುವ ಓಣ. ‘ಯತ್ತೆ ಮಿಮಶೋ’: ಮಾಡಿ ನೋಡೋಣ. ‘ಶಿಜುಕ ನಿ ಶಿಮಶೋ’: ಸುಮ್ಮನಿರೋಣ. ಗೋಡೆಯಿಂದ ಗೋಡೆಗೆ ಓಡುವ ಹುಡುಗನಿಗೆ ‘ಹಶಿರನೈದೆ’, ಓಡಬೇಡ, ಅನ್ನಬಹುದು. ಅವನು ಆ ಕ್ಷಣ ನಿಂತು ಮರುಕ್ಷಣ ಓಡುತ್ತಾನೆ. ‘ಅರುಕಿಮಶೋ’, ನಡೆಯೋಣ, ಅಂದು ಜೊತೆಗೆ ನಾಲ್ಕು ಹೆಜ್ಜೆ ಹಾಕಿ ನೋಡಿ. ನಮ್ಮ ಬಾಲವಾಡಿ ಟೀಚರುಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ನಿಲುವು ತಿದ್ದುವುದಕ್ಕೆ ದಿನಾ ಬೇಕಾಗುವ ಏಳು ಮಾತು ಇವು. ಕೊನೆಗೆ ‘ಕುದಸೈ’ ಸೇರಿಸಿಕೊಳ್ಳಿ:

ಹಿಜ ಒ ಮಗೆತೆ – ಮೊಣಕಾಲು ಬಾಗಿಸಿ
ಕೊಶಿ ಒ ಒತೊಶಿತೆ – ಸೊಂಟ ಇಳಿಸಿ
ಸೆನಕ ಒ ನೊಬಶಿತೆ – ಬೆನ್ನು ನೆಟ್ಟಗೆ ಮಾಡಿ
ವಕಿ ಒ ಶಿಮೆತೆ – ಕಂಕುಳು ಮುಚ್ಚಿ, ಮೊಣಕೈ ಹೊರಗೆ ಹೋಗದಂತೆ
ಕತ ನೊ ಚಿಕರ ಒ ನುಯಿತೆ – ಭುಜದ ಬಿಗಿ ಬಿಡಿ
ಇಕಿ ಒ ಹೈತೆ – ಉಸಿರು ಹೊರಗೆ ಬಿಡಿ
ಮಯೆ ಒ ಮಿತೆ – ಮುಂದೆ ನೋಡಿ

ಭುಜಕ್ಕೂ ಕತ ಅನ್ನುತ್ತಾರೆ, ನಾವು ಮಾಡುವ ಕತಕ್ಕೂ ಕತ ಅನ್ನುತ್ತಾರೆ. ದನಿಯ ಏರಿಳಿತದಲ್ಲಿ ವ್ಯತ್ಯಾಸವಿದೆ. ನಾನು ನನ್ನ ಭುಜ ತಟ್ಟಿ ತೋರಿಸಿ ಪಾರಾಗುತ್ತೇನೆ.

‘ಕುದಸೈ’ ಹಚ್ಚಿದರೆ ಸಾಕು, ಮರ್ಯಾದೆಯಾಯಿತು ಅಂತ ನಾನೂ ತಿಳಿದಿದ್ದೆ. ಹೊಸಬರ ಕ್ಲಾಸಿನಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ, ನನ್ನ ಅಪ್ಪನಿಗಿಂತ ದೊಡ್ಡವರು, ಬಿಳಿ ಬೆಲ್ಟು. ನೆಲ ಒರೆಸುವ ಬಟ್ಟೆ ಹಿಡಿದು ಎಲ್ಲರಿಗಿಂತ ಮೊದಲು ಬಂದಿರುತ್ತಾರೆ. ಮುಂದಿನ ಮೊಣಕಾಲು ಬಾಗಿಸಿ ನಿಲ್ಲುವ ಜೆನ್ಕುತ್ಸುವಿನಲ್ಲಿ ಅವರ ನಿಲುವು ಮೇಲೆ ಇತ್ತು. ‘ಹಿಜ ಒ ಮಗೆತೆ ಕುದಸೈ’ ಅಂದೆ. ‘ಹೈ’ ಅಂದು ಬಾಗಿಸಿದರು. ‘ಮೋ ಸುಕೊಶಿ’, ಇನ್ನೂ ಸ್ವಲ್ಪ, ಅಂದೆ. ‘ಹೈ.’ ಮುಂದಿನ ಮೊಣಕಾಲು ನಡುಗುತ್ತಿತ್ತು, ಪ್ಯಾಂಟಿನ ಬಟ್ಟೆಯ ಮೇಲೆ ಆ ನಡುಕ ಕಾಣುತ್ತಿತ್ತು. ಹತ್ತು ಎಣಿಸುವವರೆಗೆ ಅವರು ಮೇಲೇಳಲಿಲ್ಲ. ಮುಂದಿನ ಎರಡು ಶನಿವಾರ ಬರಲಿಲ್ಲ.

ಅವರ ‘ಹೈ’ಗೆ ಆಗುತ್ತದೆ ಅಂತ ಅರ್ಥವಿರಲಿಲ್ಲ, ಕೇಳಿಸಿತು ಅಂತ ಅರ್ಥ. ಸೆನ್ಸೇ ಹೇಳಿದರು ಅನ್ನುವಷ್ಟಕ್ಕೆ ಅವರು ಮಾಡಿದರು. ‘ಕುದಸೈ’ ಎಷ್ಟೇ ಮೃದುವಾದರೂ ಕೊನೆಗೆ ಮಾಡಿ ಅನ್ನುವ ಮಾತೇ, ಅದರಲ್ಲಿ ಇಲ್ಲ ಅನ್ನಲು ಜಾಗವಿಲ್ಲ. ಹಿರಿಯರಿಗೆ ಪ್ರಶ್ನೆಯ ರೂಪ ಬೇಕು: ‘ಹಿಜ ಒ ಮೋ ಸುಕೊಶಿ ಮಗೆತೆ ಮೊರಯೆಮಸ್ ಕ’, ಇನ್ನು ಸ್ವಲ್ಪ ಬಾಗಿಸಲಿಕ್ಕೆ ಆಗುತ್ತದೇನ್ರಿ? ಅದಕ್ಕೂ ಮುಂಚೆ ಒಂದು ತುಣುಕು ಸೇರಿಸಿ, ‘ಮುರಿ ನೊ ನೈ ಹನ್‌ಇ ದೆ’, ಹೆಚ್ಚಿನ ಒತ್ತಾಯವಿಲ್ಲದಷ್ಟರಲ್ಲಿ. ಅವರು ತಿರುಗಿ ಬಂದ ದಿನ ‘ಒಹಿಜ ವ ಇಕಗ ದೆಸ್ ಕ’, ಮೊಣಕಾಲು ಹೇಗಿದೆ, ಅಂತ ಕೇಳಿದೆ. ನನ್ನ ಮೊಣಕಾಲಿಗೆ ‘ಒ’ ಇಲ್ಲ, ಅವರ ಮೊಣಕಾಲಿಗೆ ಮುಂದೆ ಒಂದು ಮರ್ಯಾದೆಯ ‘ಒ’. ಅವರು ನಕ್ಕು ‘ದೈಜೋಬು ದೆಸ್’ ಅಂದರು.

ಈ ‘ದೈಜೋಬು’ವನ್ನು ನಂಬಬೇಡಿ. ಏನೂ ಆಗಿಲ್ಲ, ಪರವಾಗಿಲ್ಲ ಅನ್ನುವ ಶಬ್ದ. ಮೂಗಿಗೆ ಏಟು ಬಿದ್ದ ಮಗುವನ್ನು ‘ದೈಜೋಬು?’ ಅಂತ ಕೇಳಿದರೆ ಕಣ್ಣೀರು ಇಳಿಯುತ್ತಿದ್ದರೂ ‘ದೈಜೋಬು’ ಅನ್ನುತ್ತದೆ. ಪ್ರಶ್ನೆ ಬದಲಿಸಿ: ‘ದೊಕೊ ಗ ಇತೈ?’ ಎಲ್ಲಿ ನೋಯುತ್ತದೆ? ಆಗ ಬೆರಳು ತೋರಿಸುತ್ತದೆ. ಜುಲೈ–ಆಗಸ್ಟಿನ ಸೆಕೆಯಲ್ಲಿ ‘ಸುಯಿಬುನ್ ಒ ತೊತ್ತೆ ಕುದಸೈ’, ನೀರು ಕುಡಿಯಿರಿ, ಅಂತ ಹತ್ತು ನಿಮಿಷಕ್ಕೊಮ್ಮೆ ಹೇಳಿ. ಬಾಯಾರಿದೆಯಾ ಅಂತ ಕೇಳುತ್ತ ನಿಲ್ಲಬೇಡಿ.

ಕೈ ಹಿಡಿದು ತಿದ್ದುವಾಗ ಮೊದಲು ಒಪ್ಪಿಗೆ. ಮಕ್ಕಳಿಗಾದರೆ ‘ಚೊತ್ತೊ ಶಿತ್ಸುರೇ’ ಸಾಕು, ಸ್ವಲ್ಪ ಕ್ಷಮಿಸು ಅಂದಂತೆ. ದೊಡ್ಡವರಿಗೆ ‘ಸವತ್ತೆ ಮೊ ಈ ದೆಸ್ ಕ’, ಮುಟ್ಟಬಹುದೇ? ನನ್ನ ಸವತಿಕಾಯಿ ಹೀಗೆ ಕೆಲಸಕ್ಕೆ ಬಂತು.

ಹೊಗಳಿಕೆಯಲ್ಲೂ ಮೇಲೆ ಕೆಳಗೆ ಇದೆ. ಮಕ್ಕಳಿಗೆ ‘ಯೊಕು ದೆಕಿಮಶಿತ’, ಚೆನ್ನಾಗಿ ಮಾಡಿದೆ. ಶಾಲೆಯ ವಹಿಯ ಮೇಲೆ ಚೆರ್ರಿ ಹೂವಿನ ಮೊಹರಿನಲ್ಲಿ ಇದೇ ಮಾತು ಒತ್ತಿರುತ್ತಾರೆ, ಅದರ ರುಚಿ ಅವರಿಗೆ ಗೊತ್ತು. ಹಿರಿಯರಿಗೆ ‘ಜೋಜು ದೆಸ್ ನೆ’, ಜಾಣರಿದ್ದೀರಿ, ಅಂದರೆ ಬೆನ್ನು ತಟ್ಟಿದಂತಾಗುತ್ತದೆ. ಕಂಡದ್ದನ್ನು ಹೇಳಿ: ‘ಸಕ್ಕಿ ಯೊರಿ ಕೊಶಿ ಗ ಹಿಕುಕು ನರಿಮಶಿತ ನೆ’, ಆಗಿನಕ್ಕಿಂತ ಸೊಂಟ ಕೆಳಗೆ ಬಂತಲ್ಲ. ತಪ್ಪಿಗೆ ‘ದಮೆ’, ಅಂದರೆ ಆಗದು, ಕೂಡದು, ಅನ್ನುವ ಶಬ್ದ ಸುಲಭವಾಗಿ ಬಾಯಿಗೆ ಬರುತ್ತದೆ, ನುಂಗಿಕೊಳ್ಳಿ. ಅದರ ಬದಲು ನನ್ನ ಅತಿ ಪ್ರೀತಿಯ ಶಬ್ದ ‘ಒಶೀ!’ ಒಂಚೂರಿನಲ್ಲಿ ತಪ್ಪಿತಲ್ಲಾ ಅಂತ. ಎಂಟು ವರ್ಷದ ಹುಡುಗಿಯೊಬ್ಬಳು ಹೇಅನ್ ಶೊದನ್ ಕತವನ್ನು ಉದ್ದಕ್ಕೂ ಸರಿಯಾಗಿ ಮಾಡಿ, ಕೊನೆಯ ನಾಲ್ಕು ಶುತೊ ಉಕೆಗಳಲ್ಲಿ (ಚಾಚಿದ ಅಂಗೈಯ ಅಂಚಿನಿಂದ ಏಟು ತಡೆಯುವುದು) ಒಂದಕ್ಕೆ ಉಲ್ಟಾ ತಿರುಗಿದಳು. ‘ಒಶೀ!’ ಅಂದೆ. ಹಣೆ ಹೊಡೆದುಕೊಂಡು ತಾನೇ ‘ಮೋ ಇಚಿದೊ ಒನೆಗೈ ಶಿಮಸ್’ ಅಂದಳು, ಇನ್ನೊಮ್ಮೆ ದಯವಿಟ್ಟು ಅಂತ.

ಕರೆಯುವುದು. ಕನ್ನಡದವರು ‘ನೀವು’ ಅನ್ನುವುದೇ ಮರ್ಯಾದೆ ಅಂದುಕೊಂಡು ‘ಅನತ’ ಬಳಸುತ್ತೇವೆ. ಬೇಡ. ಒಂದೋ ದೂರ ಇಟ್ಟಂತಾಗುತ್ತದೆ, ಇಲ್ಲವೇ ಹೆಂಡತಿ ಗಂಡನನ್ನು ಕರೆಯುವ ‘ಅನತ’ ಆಗುತ್ತದೆ, ನಮ್ಮ ಮನೆಗಳ ‘ರೀ’ ಇದ್ದ ಹಾಗೆ. ಹೆಸರಿಗೆ ‘ಸನ್’ ಸೇರಿಸಿ, ಪ್ರತಿ ವಾಕ್ಯಕ್ಕೂ ಹೆಸರೇ ಹೇಳಿ. ಹುಡುಗರಿಗೆ ‘ಕುನ್’, ಪುಟಾಣಿಗಳಿಗೆ ‘ಚನ್’ ಇದೆ, ಈಗ ಎಷ್ಟೋ ಶಾಲೆಗಳಲ್ಲಿ ಎಲ್ಲರಿಗೂ ‘ಸನ್’ ಅಂತಲೇ ಕರೆಯುತ್ತಾರೆ. ಮಗುವಿನ ತಾಯಿಯನ್ನು ಇಂಥವನ ‘ಒಕಾಸನ್’ ಅನ್ನಬೇಕು, ನಮ್ಮ ಕಡೆ ‘ಸಮರ್ಥನ ಅವ್ವಾರು’ ಅಂದಂತೆ. ನಿಮ್ಮನ್ನು ನೀವು ಮಕ್ಕಳ ಮುಂದೆ ‘ಸೆನ್ಸೇ’ ಅಂದುಕೊಳ್ಳಬಹುದು, ‘ಸೆನ್ಸೇ ಕಡೆ ನೋಡಿ’ ಅಂತ. ದೊಡ್ಡವರ ಮುಂದೆ ಅಂದುಕೊಂಡರೆ ಜಂಭ.

ಹೌದು, ಆಯಿತು, ನಮಸ್ಕಾರ ಎಲ್ಲಕ್ಕೂ ಕರಾಟೆಯವರು ಕೂಗುವ ‘ಓಸ್’ ಬಗ್ಗೆ ಒಂದು ಮಾತು. ಊರಿನಲ್ಲಿ ನಾವು ಪ್ರತಿಯೊಂದಕ್ಕೂ ಓಸ್ ಅನ್ನುತ್ತಿದ್ದೆವು. ಕ್ಯೋಕುಶಿನ್‌ನಂಥ ಕರಾಟೆ ಪಂಥಗಳಲ್ಲಿ ಅದು ಉಸಿರಿದ್ದಂತೆ. ನನ್ನ ಇಲ್ಲಿನ ಕ್ಲಾಸಿನಲ್ಲಿ ಯಾರೂ ಅನ್ನುವುದಿಲ್ಲ, ‘ಹೈ’ ಅನ್ನುತ್ತಾರೆ. ಒಬ್ಬ ತಾಯಿಗೆ ಅಭ್ಯಾಸಬಲದಿಂದ ಓಸ್ ಅಂದಿದ್ದೆ, ಆಕೆ ಒಂದು ಹೆಜ್ಜೆ ಹಿಂದೆ ಸರಿದರು. ಸೇರಿದ ಡೋಜೋದಲ್ಲಿ ಬೇರೆಯವರು ಅನ್ನುವವರೆಗೆ ಬಾಯಿ ಮುಚ್ಚಿಕೊಂಡಿರಿ.

ಕರಾಟೆ ಅಂಗಿ ಹಾಕುವುದರಲ್ಲಿ ತಪ್ಪಾದರೆ ಮಾತ್ರ ತಕ್ಷಣ ಹೇಳಿ: ‘ಹಿದರಿ ಗ ಉಯೆ ದೆಸ್ ಯೊ’, ಎಡಗಡೆಯದು ಮೇಲೆ ಬರಬೇಕು. ಬಲಗಡೆಯದನ್ನು ಮೇಲೆ ತಂದು ಉಡಿಸುವುದು ಹೆಣಕ್ಕೆ. ಹೊಸ ಮಕ್ಕಳಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಒಬ್ಬರಾದರೂ ಹಾಗೆ ಬರುತ್ತಾರೆ, ಬಾಗಿಲಲ್ಲಿ ನಿಂತ ಅಜ್ಜಿಯರ ಮುಖ ನೋಡಬೇಕು.

ಮುಗಿಸುವಾಗ ಸಹಾಯಕ್ಕೆ ನಿಂತವರಿಗೆ ‘ಒತ್ಸುಕರೆಸಮ ದೆಶಿತ’ ಅನ್ನಿ, ದಣಿದಿರಿ ಅಂತ. ‘ಗೊಕುರೋಸಮ’ ಅನ್ನುವ ಇನ್ನೊಂದಿದೆ, ಅದು ಮೇಲಿನವರು ಕೆಳಗಿನವರಿಗೆ ಹೇಳುವುದು, ಮುಖ್ಯ ಸೆನ್ಸೇಗೆ ಅಂದೀರಿ ಮತ್ತೆ. ಕಾಯುತ್ತ ನಿಂತ ತಾಯಂದಿರಿಗೆ ‘ಕ್ಯೋ ವ ಯೊಕು ಗಂಬತ್ತೆ ಇಮಶಿತ’, ಇವತ್ತು ಚೆನ್ನಾಗಿ ಕಷ್ಟಪಟ್ಟ. ಅಂವ ಅರ್ಧ ಹೊತ್ತು ಗೋಡೆಗೆ ಒರಗಿ ಬೆಲ್ಟು ಸುತ್ತುತ್ತಿದ್ದರೂ ಏನಾದರೂ ಒಂದು ಹುಡುಕಿ ಹೇಳಿ.

ಬಾಗಿಲಲ್ಲಿ ಮಕ್ಕಳಿಗೆ ಹೇಳುವ ಮಾತು ಇನ್ನೊಂದು. ಕ್ಲಾಸಿನ ಶುರುವಿಗೆ ‘ಕಿ ಒ ತ್ಸುಕೆ!’ ಅಂತ ಕೂಗುತ್ತೇವೆ, ಸಾವಧಾನ್! ಕ್ಲಾಸು ಮುಗಿದು ಶೂ ಹಾಕಿಕೊಳ್ಳುವಾಗ ಅದಕ್ಕೇ ಒಂದು ‘ತೆ’ ಸೇರಿಸಿ ಮೆಲ್ಲಗೆ ‘ಕಿ ಒ ತ್ಸುಕೆತೆ ನೆ’, ಹುಷಾರಾಗಿ ಹೋಗ್ರಿ. ಹೋದ ಶನಿವಾರ ಸಂಜೆ ಮಳೆ ಜಿನುಗುತ್ತಿತ್ತು. ಮೊದಲ ದಿನ ನನ್ನ ಬೆಲ್ಟು ಮುಟ್ಟಿ ಓಡಿದ್ದ ಹುಡುಗ ಶೂ ಕಟ್ಟಿಕೊಂಡು ಎದ್ದು, ನನ್ನ ಸೈಕಲ್ಲನ್ನೂ ನನ್ನನ್ನೂ ನೋಡಿ, ‘ಸೆನ್ಸೇ ಮೊ ಕಿ ಒ ತ್ಸುಕೆತೆ ನೆ’ ಅಂದ. ಸೆನ್ಸೇ, ನೀವೂ ಹುಷಾರು.